ಪುಟ್ಟ ವಿಮಾನದ ಅಪಘಾತ ಶುರುವಾಗುವುದು ನೆಲ ಮುಟ್ಟುವ ಮೊದಲೇ

ಮಾನ್ಯ ಸಂಪಾದಕರೇ,

ತರಬೇತಿ ವಿಮಾನವೊಂದು ಇಳಿಯುವಾಗ ಮುಗ್ಗರಿಸಿತು ಎಂಬ ಸುದ್ದಿ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ಎರಡೇ ಮಾತು ಕಾಣುತ್ತವೆ. ಒಂದು ‘ತಾಂತ್ರಿಕ ದೋಷ’, ಇನ್ನೊಂದು ‘ಪೈಲಟ್‌ನ ನಿಯಂತ್ರಣ ತಪ್ಪಿತು’. ಮೊದಲನೆಯದು ತನಿಖೆಗೆ ಮುಂಚೆಯೇ ಬರೆದ ಊಹೆ. ಎರಡನೆಯದರಿಂದ ಓದುಗರಿಗೆ ಹೊಸದೇನೂ ತಿಳಿಯುವುದಿಲ್ಲ, ವಿಮಾನ ಮಗುಚಿ ಬಿದ್ದಿದೆ ಎಂದಮೇಲೆ ನಿಯಂತ್ರಣ ತಪ್ಪಿತ್ತು ಎಂಬುದು ಎಲ್ಲರಿಗೂ ಗೊತ್ತು. ಹಾರಾಟ ಕಲಿಸುವವರು ಮತ್ತು ವಿಮಾನ ರಿಪೇರಿ ಮಾಡುವವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಸಣ್ಣ ವಿಮಾನಗಳು ಇಳಿಯುವಾಗ ಏಕೆ ಕೆಡುತ್ತವೆ ಎಂಬುದು ಗುಟ್ಟಿನ ವಿಷಯವಲ್ಲ. ಅದೇ ತಪ್ಪು, ಅದೇ ಕ್ರಮದಲ್ಲಿ, ಮತ್ತೆ ಮತ್ತೆ ಆಗುತ್ತದೆ. ಆ ಕ್ರಮವನ್ನು ಓದುಗರ ಮುಂದಿಡಬೇಕು ಅನ್ನಿಸಿತು.

ಇದು ಹಾರಾಟ ಶಾಲೆ ಇರುವ ಬೆಂಗಳೂರಿನ ಜಕ್ಕೂರಿನವರಿಗೆ ಮಾತ್ರ ಬೇಕಾದ ವಿಷಯವಾಗಿ ಉಳಿದಿಲ್ಲ. 2021ರಿಂದೀಚೆಗೆ ಬೆಳಗಾವಿ ಮತ್ತು ಕಲಬುರಗಿ ನಿಲ್ದಾಣಗಳಲ್ಲೂ ಹಾರಾಟ ಶಾಲೆಗಳಿಗೆ ಜಾಗ ಸಿಕ್ಕಿದೆ. ಜೋಳದ ಹೊಲ, ಕಬ್ಬಿನ ಗದ್ದೆಗಳ ಮೇಲೆ ಈಗ ಪುಟ್ಟ ವಿಮಾನಗಳು ಸುತ್ತು ಹಾಕುತ್ತಿರುತ್ತವೆ. 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾ ನಿಲ್ದಾಣದ ಬಳಿಯ ಹೊನ್ನಿಹಾಳದಲ್ಲಿ ಇಬ್ಬರಿದ್ದ ತರಬೇತಿ ವಿಮಾನವೊಂದು ಹೊಲದಲ್ಲೇ ಇಳಿಯಬೇಕಾಯಿತು. ಇಬ್ಬರೂ ಬದುಕಿದರು. ಹೊಲದಲ್ಲಿ ಇಳಿಯುವ ವಿಷಯಕ್ಕೆ ಕೊನೆಯಲ್ಲಿ ಬರುತ್ತೇವೆ. ಹೆಚ್ಚಿನ ಅವಘಡಗಳು ಆಗುವುದು ಎಂಜಿನ್ ಸರಿಯಾಗಿಯೇ ಇದ್ದು, ಎದುರಿಗೆ ಒಳ್ಳೆಯ ರನ್‌ವೇ ಇದ್ದಾಗ. ಅದರಿಂದಲೇ ಶುರು ಮಾಡೋಣ.

ನಮ್ಮ ದೇಶದ ಹಾರಾಟ ಶಾಲೆಗಳಲ್ಲಿ ಬಹಳವಾಗಿ ಕಾಣುವ ಸೆಸ್ನಾ 172 ಎಸ್ ವಿಮಾನವನ್ನೇ ತೆಗೆದುಕೊಳ್ಳಿ. ನಾಲ್ಕು ಸೀಟು, 180 ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್, ಗರಿಷ್ಠ ತೂಕ 1,157 ಕೆ.ಜಿ. ಫ್ಲ್ಯಾಪ್ (ರೆಕ್ಕೆಯ ಹಿಂಬದಿಯಲ್ಲಿ ಕೆಳಕ್ಕೆ ಬಾಗುವ ಪಟ್ಟಿ) ಪೂರ್ತಿ ಇಳಿಸಿದಾಗ ವೇಗದ ಮೀಟರಿನಲ್ಲಿ 40 ನಾಟ್ ತೋರಿಸುವವರೆಗೂ, ಅಂದರೆ ಗಂಟೆಗೆ 74 ಕಿ.ಮೀ.ವರೆಗೂ, ಅದರ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯುತ್ತದೆ. ಫ್ಲ್ಯಾಪ್ ಇಳಿಸಿ ಇಳಿಯುವಾಗ ಫೈನಲ್‌ನಲ್ಲಿ (ರನ್‌ವೇಗೆ ನೇರವಾಗಿ ಬರುವ ಕೊನೆಯ ಹಂತ) 60ರಿಂದ 70 ನಾಟ್ ಇರಲಿ, ರನ್‌ವೇ ಗಿಡ್ಡದಾಗಿದ್ದರೆ 61 ಇರಲಿ ಎನ್ನುತ್ತದೆ ಕಂಪನಿಯ ಕೈಪಿಡಿ. ಹೊಸ ವಿದ್ಯಾರ್ಥಿಗೆ ಸ್ಟಾಲ್ (ವೇಗ ತೀರಾ ತಗ್ಗಿ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾಗದ ಸ್ಥಿತಿ) ಅಂದರೆ ಭಯ. ಹಾಗಾಗಿ ಒಂದು ಹತ್ತು ನಾಟ್ ಹೆಚ್ಚೇ ಇರಲಿ, ಅದರಿಂದ ಕ್ಷೇಮ ಎಂದುಕೊಳ್ಳುತ್ತಾನೆ. ನಾವು ನೋಡಿದ ಮುರಿದ ನೋಸ್ ವೀಲ್‌ಗಳಲ್ಲಿ (ಮೂತಿಯ ಕೆಳಗಿನ ಚಕ್ರ) ಬಹುಪಾಲು ಈ ‘ಒಂದು ಹತ್ತು ನಾಟ್’ನಿಂದ ಮುರಿದವು.

ಲೆಕ್ಕ ಹಾಕಿ ನೋಡಿ. 65ರ ಬದಲು 75 ನಾಟ್‌ನಲ್ಲಿ ಬಂದರೆ ವೇಗ ಹೆಚ್ಚಿದ್ದು ಶೇ 15. ಆದರೆ ಚಲನೆಯ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದು ಹೆಚ್ಚುವುದು ಶೇ 33. ಈ ಹೆಚ್ಚುವರಿ ಶಕ್ತಿ ಎಲ್ಲಾದರೂ ಕರಗಲೇಬೇಕು. ವಿಮಾನ ನೆಲದಿಂದ ರೆಕ್ಕೆಯ ಅಗಲಕ್ಕಿಂತ ಕೆಳಗೆ ಬಂದಮೇಲೆ (172ರ ರೆಕ್ಕೆ ತುದಿಯಿಂದ ತುದಿಗೆ 36 ಅಡಿ) ಗಾಳಿಯ ತಡೆ ಕಡಿಮೆಯಾಗಿ ಅದು ತೇಲತೊಡಗುತ್ತದೆ. ಅದನ್ನೇ ಗ್ರೌಂಡ್ ಎಫೆಕ್ಟ್ ಅನ್ನುತ್ತಾರೆ. 75 ನಾಟ್‌ನಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 39 ಮೀಟರ್ ರನ್‌ವೇ ಹಿಂದೆ ಸರಿಯುತ್ತಿರುತ್ತದೆ. ವಿಮಾನ ಮಾತ್ರ ಕೂರಲು ಒಪ್ಪುವುದಿಲ್ಲ. ಐದಾರು ಸೆಕೆಂಡು ಹೀಗೆ ಕಳೆದರೆ ಕೂತವನಿಗೆ ತಡೆಯಲಾಗುವುದಿಲ್ಲ, ಕಂಟ್ರೋಲ್ ಕಾಲಂ (ಮೂತಿಯನ್ನು ಏರಿಸಿ ಇಳಿಸುವ ಹಿಡಿ) ಅನ್ನು ತುಸು ಮುಂದಕ್ಕೆ ಒತ್ತಿ ವಿಮಾನವನ್ನು ‘ಕೂರಿಸಲು’ ನೋಡುತ್ತಾನೆ. ಅಪಘಾತ ನಿಶ್ಚಯವಾಗುವುದು ಆ ಒತ್ತುವಿಕೆಯಲ್ಲಿ.

ಕೈಪಿಡಿಯ ವೇಗಗಳು ಗರಿಷ್ಠ ತೂಕಕ್ಕೆ ಹೇಳಿದವು ಎಂಬುದನ್ನು ಅನೇಕರು ಮರೆಯುತ್ತಾರೆ. ಇಬ್ಬರೇ ಕೂತು, ಅರ್ಧ ಇಂಧನದಲ್ಲಿ 950 ಕೆ.ಜಿ. ತೂಗುವಾಗ 61 ನಾಟ್‌ನ ಜಾಗದಲ್ಲಿ 55 ಸಾಕು. ಒಬ್ಬನೇ ಸೋಲೋ ಹಾರುವಾಗ ಇನ್ನೂ ಕಡಿಮೆ. ಶಿಕ್ಷಕರು ಪಕ್ಕದಿಂದ ಎದ್ದುಹೋದ ದಿನವೇ ವಿಮಾನ ಎಂದಿಗಿಂತ ಹೆಚ್ಚು ತೇಲುವುದು ಇದೇ ಕಾರಣಕ್ಕೆ. ಮೊದಲ ಸೋಲೋದಲ್ಲಿ ಭಯಕ್ಕೆ ಇನ್ನೈದು ನಾಟ್ ಸೇರಿಸಿಕೊಂಡವನಿಗೆ, ನಿನ್ನೆ ಸರಿಯಾಗಿ ಕೂರುತ್ತಿದ್ದ ವಿಮಾನ ಇವತ್ತು ಏಕೆ ಹೀಗೆ ಮಾಡುತ್ತಿದೆ ಎಂದೇ ತಿಳಿಯುವುದಿಲ್ಲ.

ನಮ್ಮ ಎತ್ತರದ ಪ್ರಶ್ನೆಯೂ ಇದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಆ ಎತ್ತರದಲ್ಲಿ ಪ್ರಮಾಣಿತ ಉಷ್ಣಾಂಶ 9 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 33 ಡಿಗ್ರಿ ಇದ್ದರೆ 24 ಡಿಗ್ರಿ ಹೆಚ್ಚಾಯಿತು. ಡಿಗ್ರಿಗೆ 120 ಅಡಿಯಂತೆ ಸೇರಿಸಿದರೆ ವಿಮಾನದ ಪಾಲಿಗೆ ಅದು ಸುಮಾರು 5,900 ಅಡಿ ಎತ್ತರದ ತೆಳುಗಾಳಿ. ಮೀಟರ್ 65 ತೋರಿಸುತ್ತಿದ್ದರೂ ನಿಜವಾದ ವೇಗ 71 ನಾಟ್. ಗಾಳಿ ನಿಂತ ದಿನ ನೆಲದ ಮೇಲಿನ ವೇಗವೂ ಅಷ್ಟೇ ಆಗುವುದರಿಂದ, ನಿಲ್ಲಿಸಲು ಬೇಕಾಗುವ ದೂರ ಸಮುದ್ರಮಟ್ಟದಲ್ಲಿ ಬೇಕಾದುದಕ್ಕಿಂತ ಐದನೇ ಒಂದರಷ್ಟು ಹೆಚ್ಚು. ಇಲ್ಲಿ ಮೀಟರನ್ನೇ ನಂಬಬೇಕು, ಕಣ್ಣನ್ನಲ್ಲ. ನೆಲ ಬೇಗ ಓಡುತ್ತಿರುವಂತೆ ಕಂಡು ವೇಗ ತಗ್ಗಿಸಿದರೆ ಸ್ಟಾಲ್ ಹತ್ತಿರ ಬರುತ್ತದೆ. ಬೆನ್ನಗಾಳಿಯಲ್ಲಿ ಇಳಿಯುವವರಿಗೂ ಇದೇ ಮೋಸ ಕಾದಿರುತ್ತದೆ. 172ರ ಕೈಪಿಡಿ ಪ್ರಕಾರ 9 ನಾಟ್ ಎದುರುಗಾಳಿ ಇದ್ದರೆ ಇಳಿಯುವ ದೂರ ಶೇ 10 ಕಡಿಮೆಯಾಗುತ್ತದೆ. ಬೆನ್ನಗಾಳಿಯಾದರೆ ಬರೀ 2 ನಾಟ್‌ಗೇ ಶೇ 10 ಹೆಚ್ಚುತ್ತದೆ. ಆ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದವರು ಗಾಳಿಯ ದಿಕ್ಕು ತೋರಿಸುವ ಗಾಳಿಚೀಲವನ್ನು ನೋಡದೆ ಇಳಿಯಲಾರರು.

ಈಗ ಆ ಒತ್ತುವಿಕೆಗೆ ಮರಳೋಣ. ವಿಮಾನ ಸರಿಯಾಗಿ ಕೂತಾಗ ಹಿಂದಿನ ಎರಡು ಮುಖ್ಯ ಚಕ್ರಗಳು ಮೊದಲು ಮುಟ್ಟಬೇಕು, ಮೂತಿ ಮೇಲೆ ಇರಬೇಕು. ವೇಗ ಹೆಚ್ಚಿದ್ದು ಮೂತಿ ಒತ್ತಿದರೆ ನೋಸ್ ವೀಲ್ ಮೊದಲು ಬಡಿಯುತ್ತದೆ. ಆ ಚಕ್ರ ಇರುವುದು ಭಾರದ ಕೇಂದ್ರಕ್ಕಿಂತ ಬಹಳ ಮುಂದೆ. ನೆಲ ಅದನ್ನು ಮೇಲಕ್ಕೆ ಒದೆಯುತ್ತದೆ, ಮೂತಿ ಏಳುತ್ತದೆ, ರೆಕ್ಕೆಯ ಕೋನ ಹೆಚ್ಚುತ್ತದೆ, ವೇಗವೂ ಉಳಿದಿರುವುದರಿಂದ ವಿಮಾನ ಮತ್ತೆ ಹಾರುತ್ತದೆ. 172ರ ಮುಖ್ಯ ಚಕ್ರದ ಕಾಲುಗಳು ಬರೀ ಉಕ್ಕಿನ ಸ್ಪ್ರಿಂಗ್, ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರ್ ಇರುವುದು ನೋಸ್ ವೀಲ್‌ಗೆ ಮಾತ್ರ. ಹಿಂದಿನ ಕಾಲುಗಳು ತಾವು ತಿಂದ ಪೆಟ್ಟನ್ನು ನುಂಗುವುದಿಲ್ಲ, ಹೆಚ್ಚುಕಡಿಮೆ ಪೂರ್ತಿ ಹಿಂದಿರುಗಿಸುತ್ತವೆ.

ಮೇಲೆ ಎದ್ದ ಮೂತಿಯನ್ನು ನೋಡಿ ಪೈಲಟ್ ಗಾಬರಿಯಿಂದ ಮುಂದಕ್ಕೆ ತಳ್ಳುತ್ತಾನೆ. ಆದರೆ ಕಣ್ಣು ಕಂಡು ಕೈ ಆಡುವಷ್ಟರಲ್ಲಿ ವಿಮಾನ ತಾನೇ ಕೆಳಗೆ ಬರಲು ಶುರು ಮಾಡಿರುತ್ತದೆ. ಅವನ ತಳ್ಳುವಿಕೆಯೂ ಅದಕ್ಕೆ ಸೇರಿ ಎರಡನೆಯ ಪೆಟ್ಟು ಮೊದಲನೆಯದಕ್ಕಿಂತ ಜೋರಾಗುತ್ತದೆ. ಈ ಸಲ ಎಳೆಯುತ್ತಾನೆ, ಅದೂ ತಡವಾಗಿ. ಇದಕ್ಕೆ ಪಾರ್ಪಸಿಂಗ್ ಎಂಬ ಹೆಸರಿದೆ, ಪಾರ್ಪಸ್ ಎಂಬ ಕಡಲಪ್ರಾಣಿ ನೀರಿನಿಂದ ನೆಗೆನೆಗೆದು ಮುಳುಗುವಂತೆ. ಮೂರನೆಯ ನೆಗೆತಕ್ಕೆ ನೋಸ್ ವೀಲ್ ಮುರಿಯುವುದು ಹೆಚ್ಚು. ನಾಲ್ಕನೆಯದಕ್ಕೆ ಪ್ರೊಪೆಲ್ಲರ್ ನೆಲ ಕೆರೆದಿರುತ್ತದೆ. ಮೊದಲ ಪೆಟ್ಟಿನಿಂದ ಇಲ್ಲಿಯವರೆಗೆ ಆರೇಳು ಸೆಕೆಂಡು ಕೂಡ ಆಗಿರುವುದಿಲ್ಲ.

ಪರಿಹಾರ ಸರಳ, ಮಾಡುವುದು ಕಷ್ಟ. ನೆಗೆತ ಒಂದೆರಡು ಅಡಿಯಷ್ಟೇ ಇದ್ದರೆ ಮೂತಿಯನ್ನು ಇಳಿಯುವ ಭಂಗಿಯಲ್ಲೇ ಹಿಡಿದು, ಥ್ರಾಟಲ್ (ಎಂಜಿನ್ ಶಕ್ತಿ) ಒಂದಿಷ್ಟು ಕೊಟ್ಟು, ಅದು ತಾನಾಗಿ ಮತ್ತೆ ಕೂರುವವರೆಗೆ ಕಾಯಬೇಕು. ಮುಂದಕ್ಕೆ ತಳ್ಳುವ ಪ್ರಶ್ನೆಯೇ ಇಲ್ಲ. ನೆಗೆತ ಅದಕ್ಕಿಂತ ಹೆಚ್ಚಿದ್ದರೆ, ಅಥವಾ ಎರಡನೆಯ ಸಲ ನೆಗೆದರೆ, ಆ ಲ್ಯಾಂಡಿಂಗ್ ಮುಗಿಯಿತು ಎಂದೇ ತಿಳಿದು ಗೋ-ಅರೌಂಡ್ (ಇಳಿಯದೆ ಮತ್ತೆ ಏರಿ ಇನ್ನೊಂದು ಸುತ್ತು ಬರುವುದು) ಮಾಡಬೇಕು. ಥ್ರಾಟಲ್ ಪೂರ್ತಿ ಒಳಗೆ, ಬಲಗಾಲಿನ ರಡ್ಡರ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಪೆಡಲ್), ಫ್ಲ್ಯಾಪ್ ಕೂಡಲೇ 20 ಡಿಗ್ರಿಗೆ, 60 ನಾಟ್‌ನಲ್ಲಿ ಏರಿಕೆ. ಮುಂದಿನ ಮರ, ಕಟ್ಟಡ ದಾಟುವವರೆಗೆ ಫ್ಲ್ಯಾಪ್ 10 ಡಿಗ್ರಿ. 65 ದಾಟಿದ ಮೇಲೆ ಪೂರ್ತಿ ಒಳಗೆ. ಗಾಬರಿಯಲ್ಲಿ ಫ್ಲ್ಯಾಪ್‌ನ ಸನ್ನೆಯನ್ನು ಒಂದೇ ಸಲಕ್ಕೆ ಮೇಲಕ್ಕೆ ಎತ್ತಿದವರು ವಿಮಾನದ ಕೆಳಗಿದ್ದ ಆಧಾರವನ್ನೇ ಕಿತ್ತುಕೊಂಡಂತೆ.

ಇಲ್ಲಿ ಇನ್ನೊಂದು ಅಪಾಯವಿದೆ. ಅದನ್ನು ತರಗತಿಯಲ್ಲಿ ಹೇಳಿದರೆ ಸಾಲದು, ಗಾಳಿಯಲ್ಲಿ ತೋರಿಸಬೇಕು. ಇಳಿಯಲು ಎಂದು ಟ್ರಿಮ್ (ಕೈಬಲ ಹಾಕದೆ ಮೂತಿಯನ್ನು ಒಂದೇ ಭಂಗಿಯಲ್ಲಿ ಇಡುವ ಸಾಧನ) ಅನ್ನು ಮೂತಿ ಮೇಲಿರುವಂತೆ ತಿರುಗಿಸಿಟ್ಟಿರುತ್ತಾರೆ. ಒಮ್ಮೆಲೇ ಪೂರ್ತಿ ಥ್ರಾಟಲ್ ಕೊಟ್ಟಾಗ ಮೂತಿ ತಾನೇ ಭರ್ರನೆ ಏಳುತ್ತದೆ, ತೋಳಿನ ಬಲ ಹಾಕಿ ತಡೆಯದಿದ್ದರೆ ಮೂವತ್ತು ಅಡಿ ಎತ್ತರದಲ್ಲಿ ಸ್ಟಾಲ್. ಹಳೆಯ ಸೆಸ್ನಾಗಳಲ್ಲಿ ಸೀಟಿನ ಹಳಿಯ ತೂತುಗಳು ಸವೆದು, ಹಿಡಿಯುವ ಪಿನ್ ಸರಿಯಾಗಿ ಕೂರದೆ, ಇದೇ ಗಳಿಗೆಯಲ್ಲಿ ಸೀಟು ಹಿಂದಕ್ಕೆ ಜಾರಿದ ಅಪಘಾತಗಳಿವೆ. ಕೈಯಲ್ಲಿ ಹಿಡಿದ ಕಾಲಂ ಕೂಡ ಪೈಲಟ್‌ನೊಂದಿಗೇ ಹಿಂದಕ್ಕೆ ಬರುತ್ತದೆ. ಅಮೆರಿಕದ ವಿಮಾನಯಾನ ಇಲಾಖೆ ಈ ಹಳಿಗಳ ತಪಾಸಣೆಯನ್ನು ಕಡ್ಡಾಯ ಮಾಡಿದೆ. ಇಂಥದ್ದಕ್ಕೆ ‘ತಾಂತ್ರಿಕ ದೋಷ’ ಎಂದರೆ ಒಪ್ಪುತ್ತೇವೆ.

ಹ್ಯಾಂಗರಿನ, ಅಂದರೆ ವಿಮಾನ ರಿಪೇರಿ ಮಾಡುವ ಶೆಡ್ಡಿನ, ಕಡೆಯ ಮಾತನ್ನೂ ಸ್ವಲ್ಪ ಹೇಳಬೇಕು. ಜೋರಾಗಿ ಬಡಿದ ವಿಮಾನ ಹೊರನೋಟಕ್ಕೆ ಚೆನ್ನಾಗಿಯೇ ಇರಬಹುದು. ಪೆಟ್ಟು ಹೋಗಿ ಕೂರುವುದು ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಫೈರ್‌ವಾಲ್ ತಗಡಿನ ಕೆಳಭಾಗದಲ್ಲಿ, ಏಕೆಂದರೆ ನೋಸ್ ವೀಲ್‌ನ ಕಾಲು ಕೂತಿರುವುದು ಅಲ್ಲಿಗೇ. ತಗಡು ಸುಕ್ಕುಗಟ್ಟುತ್ತದೆ, ರಿವೆಟ್‌ಗಳ ಸುತ್ತ ಬಣ್ಣ ಬಿರಿಯುತ್ತದೆ, ಎಂಜಿನ್ ಹಿಡಿದ ಉಕ್ಕಿನ ಕೊಳವೆಗಳ ವೆಲ್ಡಿಂಗ್‌ನಲ್ಲಿ ಕೂದಲೆಳೆಯ ಬಿರುಕು ಬರುತ್ತದೆ. ಮಾರನೆಯ ದಿನ ಹಾರಲು ಬಂದವರಿಗೆ ರಡ್ಡರ್ ಪೆಡಲ್ ಬಿಗಿಯಾದಂತೆ ಅನ್ನಿಸಿದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಹಾರುವ ಮುನ್ನ ವಿಮಾನದ ಸುತ್ತ ನಡೆಯುವಾಗ ಬಗ್ಗಿ ನೋಡಬೇಕಾದ ಜಾಗಗಳು ಇವು: ಫೈರ್‌ವಾಲ್‌ನ ತಳ, ಮುಖ್ಯ ಕಾಲುಗಳು ಒಡಲಿಗೆ ಸೇರುವ ಬಳಿಯ ತಗಡು, ಬಾಲದ ಕೆಳಗಿನ ಹಗ್ಗ ಕಟ್ಟುವ ಬಳೆ (ಅದು ಹೊಳೆಯುವಂತೆ ಉಜ್ಜಿದ್ದರೆ ಬಾಲ ನೆಲಕ್ಕೆ ತಾಗಿದೆ), ಟೈರಿನಲ್ಲಿ ಒಂದೇ ಕಡೆ ಸವೆದ ಚಪ್ಪಟೆ ಗುರುತು.

ಪ್ರೊಪೆಲ್ಲರ್ ತಾಗಿದ್ದರಂತೂ ಮಾತೇ ಇಲ್ಲ. ಬ್ಲೇಡಿನ ತುದಿ ಒಂದಿಷ್ಟು ಬಾಗಿದೆ, ಅರ ಹಾಕಿ ಉಜ್ಜಿ ಹಾರಿಸೋಣ ಎಂಬ ಆಸೆ ಎಷ್ಟೇ ಇರಲಿ, ಪೆಟ್ಟು ಕ್ರ್ಯಾಂಕ್‌ಶಾಫ್ಟ್ (ಎಂಜಿನ್ ಒಳಗೆ ತಿರುಗುವ ಮುಖ್ಯ ದಂಡ) ಹಾದು ಹಿಂಭಾಗದ ಗೇರ್‌ವರೆಗೆ ತಲುಪಿರುತ್ತದೆ. ಲೈಕಮಿಂಗ್ ಎಂಜಿನ್‌ಗಳಲ್ಲಿ ಪ್ರೊಪೆಲ್ಲರ್‌ಗೆ ಪೆಟ್ಟಾದ ಮೇಲೆ ಆ ಗೇರ್, ಅದನ್ನು ಹಿಡಿದ ಬೋಲ್ಟ್, ಸ್ಥಾನ ತಪ್ಪದಂತೆ ಇರುವ ಡೋವೆಲ್ ಪಿನ್ ಇವನ್ನು ಬಿಚ್ಚಿ ನೋಡಲೇಬೇಕೆಂದು ಅಮೆರಿಕದ ಅದೇ ಇಲಾಖೆಯ 2004ರ ಆದೇಶವಿದೆ. ಆ ಪಿನ್ ಕತ್ತರಿಸಿದರೆ ಎಂಜಿನ್ ಗಾಳಿಯಲ್ಲೇ ನಿಲ್ಲುತ್ತದೆ. ಇವತ್ತು ಮುಚ್ಚಿಟ್ಟ ಬೌನ್ಸ್ (ನೆಗೆತ), ಇನ್ನೊಬ್ಬ ವಿದ್ಯಾರ್ಥಿಯ ಎಂಜಿನ್ ವೈಫಲ್ಯವಾಗಬಹುದು. ಅದಕ್ಕೇ ಜೋರಾಗಿ ಬಡಿದೆ ಎಂದು ಬಂದು ಹೇಳಿದ ವಿದ್ಯಾರ್ಥಿಗೆ ಯಾವ ಶಾಲೆಯಲ್ಲೂ ದಂಡವೋ ಅವಮಾನವೋ ಆಗಬಾರದು ಎಂದು ಒತ್ತಿ ಹೇಳುತ್ತಿದ್ದೇವೆ.

ಇದಕ್ಕೆ ಸಂಬಂಧಿಸಿ ಸುದ್ದಿ ಬರೆಯುವವರು ತಿಳಿದಿರಬೇಕಾದ ಒಂದು ಸಂಗತಿ ಇದೆ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಯಾರಿಗೂ ಗಂಭೀರ ಗಾಯವಾಗದೆ, ಹಾನಿ ಒಂದು ಎಂಜಿನ್, ಪ್ರೊಪೆಲ್ಲರ್, ರೆಕ್ಕೆಯ ತುದಿ, ಟೈರು, ಬ್ರೇಕು ಇಂಥವಕ್ಕೆ ಸೀಮಿತವಾಗಿದ್ದರೆ ಅದು ‘ಅಪಘಾತ’ ಎಂದು ದಾಖಲಾಗುವುದಿಲ್ಲ, ‘ಘಟನೆ’ ಎಂದಾಗುತ್ತದೆ. ಹಾಗಾಗಿ ಅಪಘಾತಗಳ ಪಟ್ಟಿಯಷ್ಟನ್ನೇ ನೋಡಿ ಎಲ್ಲ ಚೆನ್ನಾಗಿದೆ ಎಂದುಕೊಳ್ಳುವಂತಿಲ್ಲ. ಸ್ಥಳಕ್ಕೆ ಹೋದ ವರದಿಗಾರರು ಆ ಹೊತ್ತಿನ ಗಾಳಿಯ ದಿಕ್ಕು ಮತ್ತು ವೇಗ, ಯಾವ ಕಡೆಯ ರನ್‌ವೇ, ಫ್ಲ್ಯಾಪ್ ಎಷ್ಟು, ರನ್‌ವೇ ಶುರುವಿನಿಂದ ಎಷ್ಟು ದೂರದಲ್ಲಿ ಮೊದಲ ಗುರುತು ಎಂದು ಕೇಳಿ ಬರೆದರೆ ಅದು ನಿಜವಾದ ಸುದ್ದಿ. ಪ್ರೊಪೆಲ್ಲರ್ ರನ್‌ವೇ ಕೆರೆದಿದ್ದರೆ ಆ ಗೀರುಗಳೇ ಸಾಕ್ಷಿ. ಎರಡು ಬ್ಲೇಡಿನ ಪ್ರೊಪೆಲ್ಲರ್ ನಿಮಿಷಕ್ಕೆ 2,000 ಸುತ್ತು ತಿರುಗುತ್ತಿದ್ದರೆ ನಿಮಿಷಕ್ಕೆ 4,000 ಗೀರು. ಗೀರಿನಿಂದ ಗೀರಿಗೆ ಅರ್ಧ ಮೀಟರ್ ಇದ್ದರೆ ನಿಮಿಷಕ್ಕೆ 2,000 ಮೀಟರ್, ಅಂದರೆ ಗಂಟೆಗೆ 120 ಕಿ.ಮೀ. ತನಿಖಾಧಿಕಾರಿಗಳು ಟೇಪು ಹಿಡಿದು ರನ್‌ವೇ ಮೇಲೆ ಕೂರುವುದು ಈ ಲೆಕ್ಕಕ್ಕೆ.

ಅಡ್ಡಗಾಳಿಯ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇವೆ. ರನ್‌ವೇಗೆ 30 ಡಿಗ್ರಿ ಓರೆಯಾಗಿ ಬೀಸಿದರೆ ಗಾಳಿಯ ಅರ್ಧ ಅಡ್ಡಕ್ಕೆ ತಳ್ಳುತ್ತದೆ, 45ಕ್ಕೆ ನೂರಕ್ಕೆ 70, 60ಕ್ಕೆ ನೂರಕ್ಕೆ 87. 12 ನಾಟ್ ಗಾಳಿ 60 ಡಿಗ್ರಿಯಲ್ಲಿ ಬಂದರೆ ಅಡ್ಡಗಾಳಿ 10 ನಾಟ್ ದಾಟಿತು. 172ರಲ್ಲಿ ಪರೀಕ್ಷಿಸಿ ತೋರಿಸಿರುವುದು 15 ನಾಟ್, ಅದೂ ಪಳಗಿದ ಪೈಲಟ್ ಕೈಯಲ್ಲಿ. 20 ಗಂಟೆ ಹಾರಿದವರಿಗೆ ಆರೇಳು ನಾಟ್ ಸಾಕು. ಈ ಮಿತಿಯನ್ನು ಪ್ರತಿ ವಿದ್ಯಾರ್ಥಿಯ ಹೆಸರಿನ ಮುಂದೆ ಬೋರ್ಡಿನಲ್ಲಿ ಬರೆದಿಡಬೇಕು. ಗಾಳಿ 10 ಇದ್ದು 18ರವರೆಗೆ ಹಾರುತ್ತಿದ್ದರೆ ಆ ಎಂಟರ ಅರ್ಧ, ಅಂದರೆ 4 ನಾಟ್ ಮಾತ್ರ ವೇಗಕ್ಕೆ ಸೇರಿಸಬೇಕು, ಹೆಚ್ಚಿಲ್ಲ. ಗಾಳಿ ಬರುವ ಕಡೆಯ ರೆಕ್ಕೆ ತಗ್ಗಿಸಿ, ಎದುರು ರಡ್ಡರ್‌ನಿಂದ ಮೂತಿಯನ್ನು ರನ್‌ವೇ ಗೆರೆಗೆ ನೇರ ಇಟ್ಟು, ಆ ಕಡೆಯ ಒಂದು ಚಕ್ರದ ಮೇಲೆ ಮೊದಲು ಇಳಿಯುವುದು ಕ್ರಮ. ಬಹುಪಾಲು ಜನ ಇಲ್ಲಿಯವರೆಗೆ ಸರಿಯಾಗಿಯೇ ಮಾಡುತ್ತಾರೆ. ಚಕ್ರ ಮುಟ್ಟಿದ ಮೇಲೆ ‘ಸದ್ಯ ಇಳಿದೆ’ ಎಂದು ಕೈ ಸಡಿಲ ಬಿಡುತ್ತಾರೆ. ವೇಗ ತಗ್ಗಿದಷ್ಟೂ ಏಲೆರಾನನ್ನು (ವಿಮಾನವನ್ನು ಎಡಬಲಕ್ಕೆ ವಾಲಿಸುವ, ರೆಕ್ಕೆಯ ಪಟ್ಟಿ) ಗಾಳಿಯ ಕಡೆಗೆ ಇನ್ನೂ ಹೆಚ್ಚು ತಿರುಗಿಸಬೇಕು, ನಡಿಗೆಯ ವೇಗಕ್ಕೆ ಬರುವಾಗ ಅದು ಪೂರ್ತಿ ತಿರುಗಿರಬೇಕು. ನೋಸ್ ವೀಲ್ ಮುಟ್ಟುವಾಗ ಪೆಡಲ್ ಒಂದು ಕಡೆ ಒತ್ತಿಯೇ ಇದ್ದರೆ ವಿಮಾನ ಆ ಕಡೆಗೆ ಜಗ್ಗಿ ರನ್‌ವೇ ಬಿಡುತ್ತದೆ.

ಮಳೆಗಾಲದಲ್ಲಿ ಇನ್ನೊಂದು ಅಂಕಿ ನೆನಪಿರಲಿ. ನೀರು ನಿಂತ ರನ್‌ವೇ ಮೇಲೆ ಟೈರು ತೇಲುವ ವೇಗ, ಟೈರಿನ ಒತ್ತಡದ ವರ್ಗಮೂಲದ 9 ಪಟ್ಟು. 172ರ ಮುಖ್ಯ ಟೈರಿನಲ್ಲಿ 42 ಪಿಎಸ್ಐ ಗಾಳಿ, ಲೆಕ್ಕ 58 ನಾಟ್. ಕೈಪಿಡಿಯ ವೇಗದಲ್ಲಿ ಬಂದು ನಿಧಾನಕ್ಕೆ ಕೂತವನು ಮುಟ್ಟುವ ಹೊತ್ತಿಗೆ ಅದಕ್ಕಿಂತ ಕೆಳಗೆ ಇರುತ್ತಾನೆ. ‘ಒಂದು ಹತ್ತು ನಾಟ್’ ಸೇರಿಸಿಕೊಂಡವನು ಮೇಲೆ ಇರುತ್ತಾನೆ, ಅವನಿಗೆ ಬ್ರೇಕ್ ಇದ್ದೂ ಇಲ್ಲ.

ಇಷ್ಟೆಲ್ಲ ತಪ್ಪುಗಳಿಗೂ ಒಂದೇ ಔಷಧ ಗೋ-ಅರೌಂಡ್. ಅದನ್ನು ಮಾಡಲು ಹಿಂಜರಿಯುವುದೇ ನಮ್ಮ ದೊಡ್ಡ ಕೊರತೆ. ಕನ್ನಡಿಗರಿಗೆ ಇದರ ಬೆಲೆ ಬೇರೆಯವರು ಹೇಳಬೇಕಿಲ್ಲ. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನರನ್ನು ಬಲಿ ತೆಗೆದುಕೊಂಡದ್ದು ದೊಡ್ಡ ಜೆಟ್ ವಿಮಾನವಾದರೂ ಪಾಠ ಇದೇ. ಎತ್ತರವೂ ವೇಗವೂ ಹೆಚ್ಚಿದ್ದ ಅಪ್ರೋಚ್ (ರನ್‌ವೇ ಕಡೆಗೆ ಇಳಿದು ಬರುವುದು), ಸಹಪೈಲಟ್ ಗೋ-ಅರೌಂಡ್ ಎಂದು ಮತ್ತೆ ಮತ್ತೆ ಹೇಳಿದರೂ ಮುಂದುವರಿದ ಇಳಿಕೆ, 8,033 ಅಡಿಯ ರನ್‌ವೇಯಲ್ಲಿ ಸುಮಾರು 5,200 ಅಡಿ ಕಳೆದ ಮೇಲೆ ಮುಟ್ಟಿದ ಚಕ್ರ. ಮೇಲಕ್ಕೇರುವ ಪ್ರಯತ್ನ ನಡೆದದ್ದು ಕೊನೆಗೆ, ರಿವರ್ಸ್ ಥ್ರಸ್ಟ್ (ಎಂಜಿನ್ ಬಲವನ್ನು ಎದುರು ದಿಕ್ಕಿಗೆ ತಿರುಗಿಸಿ ವೇಗ ತಗ್ಗಿಸುವುದು) ಹಾಕಿದ ಮೇಲೆ.

ಸಣ್ಣ ವಿಮಾನಕ್ಕೆ ನಿಯಮ ಹೀಗಿರಲಿ. ನೆಲದಿಂದ 300 ಅಡಿ ಮೇಲಿರುವಾಗ ವೇಗ ಗುರಿಗಿಂತ 5 ನಾಟ್‌ಗೂ ಹೆಚ್ಚು ಆಚೀಚೆ ಇದ್ದರೆ, ಮೂತಿ ರನ್‌ವೇ ಗೆರೆಯಲ್ಲಿ ಇಲ್ಲದಿದ್ದರೆ, ಇಳಿಕೆಯ ದರ ವಿಪರೀತ ಇದ್ದರೆ (65 ನಾಟ್‌ಗೆ 3 ಡಿಗ್ರಿ ಇಳಿಜಾರಿನಲ್ಲಿ ನಿಮಿಷಕ್ಕೆ 325 ಅಡಿ ಸರಿಯಾದ ದರ), ಚರ್ಚೆ ಇಲ್ಲದೆ ಮೇಲಕ್ಕೆ. ರನ್‌ವೇಯ ಮೊದಲ ಮೂರನೇ ಒಂದರಲ್ಲಿ ಚಕ್ರ ಮುಟ್ಟದಿದ್ದರೂ ಮೇಲಕ್ಕೆ. ಗೋ-ಅರೌಂಡ್ ಮಾಡಿದ ವಿದ್ಯಾರ್ಥಿಯನ್ನು ಶಿಕ್ಷಕರು ಎಲ್ಲರೆದುರು ಮೆಚ್ಚಬೇಕು. ಇಂದಿನ ಡಿಜಿಟಲ್ ಕಾಕ್‌ಪಿಟ್ ಇರುವ 172ಗಳು ಪ್ರತಿ ಸೆಕೆಂಡಿನ ವೇಗ, ಎತ್ತರವನ್ನು ಮೆಮೊರಿ ಕಾರ್ಡಿನಲ್ಲಿ ಬರೆದಿಡಬಲ್ಲವು. ವಾರಕ್ಕೊಮ್ಮೆ ಆ ಕಾರ್ಡು ತೆಗೆದು ಪ್ರತಿ ಲ್ಯಾಂಡಿಂಗ್‌ನ 300 ಅಡಿ, 50 ಅಡಿಯ ವೇಗವನ್ನಷ್ಟೇ ಹಾಳೆಗೆ ಇಳಿಸಿದರೂ ಮುಂದಿನ ಅಪಘಾತ ಯಾರ ಕೈಯಲ್ಲಿ ಕಾದಿದೆ ಎಂದು ಕಾಣುತ್ತದೆ. ಹೆಚ್ಚು ಖರ್ಚಿಲ್ಲದ ಈ ಕೆಲಸವನ್ನು ಎಲ್ಲ ಶಾಲೆಗಳಿಗೂ ಡಿಜಿಸಿಎ (ದೇಶದ ನಾಗರಿಕ ವಿಮಾನಯಾನ ನಿಯಂತ್ರಣ ಸಂಸ್ಥೆ) ಕಡ್ಡಾಯ ಮಾಡಬೇಕೆಂಬುದು ನಮ್ಮ ಒತ್ತಾಯ. ಜೊತೆಗೆ, ಬೌನ್ಸ್ ಆದ ವಿಮಾನವನ್ನು ಸರಿಪಡಿಸುವುದನ್ನು ಶಿಕ್ಷಕರು ಪಕ್ಕದಲ್ಲಿ ಕೂತು ಹಲವು ಸಲ ಮಾಡಿಸದೆ ಯಾರನ್ನೂ ಮೊದಲ ಸೋಲೋಗೆ ಬಿಡಬಾರದು.

ಜೀವ ತೆಗೆಯುವ ತಪ್ಪು ಇದಕ್ಕೂ ಮುಂಚೆ, ಬೇಸ್‌ನಿಂದ (ರನ್‌ವೇಗೆ ಅಡ್ಡವಾಗಿ ಹಾರುವ ಹಂತ) ಫೈನಲ್‌ಗೆ ತಿರುಗುವಾಗ ಆಗುತ್ತದೆ. ರನ್‌ವೇ ಗೆರೆ ದಾಟಿಹೋದದ್ದನ್ನು ಕಂಡು ತಿರುವನ್ನು ಬಿಗಿ ಮಾಡುತ್ತಾರೆ. 45 ಡಿಗ್ರಿ ವಾಲಿಸಿ ಎತ್ತರ ಹಿಡಿದರೆ ಸ್ಟಾಲ್ ವೇಗ ಶೇ 19 ಏರಿ, ಫ್ಲ್ಯಾಪ್ ಇಲ್ಲದ 172ರಲ್ಲಿ 48 ಇದ್ದದ್ದು 57 ಆಗುತ್ತದೆ. 60 ಡಿಗ್ರಿಗೆ 68. ಇನ್ನೂ ವಾಲಿಸಲು ಭಯವಾಗಿ ರಡ್ಡರ್‌ನಿಂದ ಮೂತಿಯನ್ನು ಒಳಕ್ಕೆ ತಳ್ಳಿದರೆ ಒಳಗಿನ ರೆಕ್ಕೆ ಮೊದಲು ಸೋತು ವಿಮಾನ ಗಿರಕಿ ಹೊಡೆಯುತ್ತದೆ. ಒಂದು ಸುತ್ತಿನ ಗಿರಕಿಯಿಂದ ಚೇತರಿಸಿಕೊಳ್ಳಲು ಸಾವಿರ ಅಡಿ ಬೇಕು. ಅಲ್ಲಿ ಇರುವುದು ಐನೂರು. ಗೆರೆ ದಾಟಿತೇ? ದಾಟಲಿ. ಇನ್ನೊಂದು ಸುತ್ತು ಬಂದರೆ ಆಯಿತು.

ಇನ್ನು ಎಂಜಿನ್ ನಿಂತು ಹೊಲಕ್ಕೆ ಇಳಿಯುವ ಸಂದರ್ಭ. 172 ಎಸ್ ತೇಲುವ ವೇಗ 68 ನಾಟ್. ಸಾವಿರ ಅಡಿ ಎತ್ತರಕ್ಕೆ ಗಾಳಿ ಇಲ್ಲದಾಗ ಸುಮಾರು ಎರಡೂವರೆ ಕಿ.ಮೀ. ಹೋಗುತ್ತದೆ. ಉಳುಮೆಯ ಸಾಲಿನ ಉದ್ದಕ್ಕೆ ಇಳಿಯಬೇಕು, ಅಡ್ಡಕ್ಕೆ ಅಲ್ಲ. ಬದು ಎದುರಿಗಿದ್ದರೆ ಅದಕ್ಕೆ ಮೂತಿ ಕೊಡದೆ ಪಕ್ಕದಲ್ಲಿ ಓಡಿಸಬೇಕು. ಬೆಳಗಾವಿ, ಕಲಬುರಗಿ ಕಡೆಯ ಎರೆಭೂಮಿ ಒಣಗಿದ್ದಾಗ ಗಟ್ಟಿ, ಒಂದು ಮಳೆ ಬಿದ್ದರೆ ನೋಸ್ ವೀಲ್ ಹೂತು ವಿಮಾನ ಬೆನ್ನಮೇಲಾಗುತ್ತದೆ. ಅಲ್ಲಿ ಮೂತಿಯನ್ನು ಆದಷ್ಟು ಹೊತ್ತು ಎತ್ತಿಯೇ ಹಿಡಿಯಬೇಕು. ಇಳಿಯುವ ಮೊದಲು ಇಂಧನ ಬಂದ್, ಫ್ಲ್ಯಾಪ್ ಇಳಿಸಿದ ಮೇಲೆ ಮಾಸ್ಟರ್ ಸ್ವಿಚ್ ಬಂದ್, ಬಾಗಿಲಿನ ಚಿಲಕ ತೆರೆದಿಡುವುದು, ಬೆಲ್ಟು ಬಿಗಿ. ಗಂಟೆಗೆ 80 ಕಿ.ಮೀ.ಗೆ ಇಳಿದರೆ, 9 ಜಿ (ಗುರುತ್ವಬಲದ 9 ಪಟ್ಟು) ಬಲ ತಡೆಯುವ ಸೀಟಿನಲ್ಲಿ ಬದುಕಲು ನಿಲ್ಲುವ ದೂರ ಮೂರು ಮೀಟರ್‌ಗೂ ಕಡಿಮೆ ಸಾಕು. ವೇಗ ದುಪ್ಪಟ್ಟಾದರೆ ದೂರ ನಾಲ್ಕು ಪಟ್ಟು ಬೇಕು. ರೆಕ್ಕೆ ಮುರಿದರೂ ಚಿಂತೆಯಿಲ್ಲ, ಕ್ಯಾಬಿನ್ ಉಳಿದರೆ ಸಾಕು.

ಹೊಲದಲ್ಲಿದ್ದವರು ಮೊದಲು ಓಡಿಬರುತ್ತಾರೆ. ಅವರಿಗೆಂದೇ ಈ ಕೊನೆಯ ಮಾತು, ದಯವಿಟ್ಟು ಪೂರ್ತಿ ಅಚ್ಚು ಮಾಡಿ. 172ರ ರೆಕ್ಕೆಗಳಲ್ಲಿ 200 ಲೀಟರಿಗೂ ಹೆಚ್ಚು ಪೆಟ್ರೋಲ್ ಇರಬಹುದು, ನೀಲಿ ಬಣ್ಣದ್ದು, ಬಹಳ ಬೇಗ ಹೊತ್ತಿಕೊಳ್ಳುತ್ತದೆ. ಬೀಡಿ, ಬೆಂಕಿಪೊಟ್ಟಣ, ಚಾಲೂ ಇರುವ ಟ್ರ್ಯಾಕ್ಟರ್ ದೂರ ಇರಲಿ. ಪ್ರೊಪೆಲ್ಲರನ್ನು ಮುಟ್ಟಬೇಡಿ, ತಿರುಗಿಸಬೇಡಿ. ಬ್ಯಾಟರಿ ಬಂದ್ ಆಗಿದ್ದರೂ ಮ್ಯಾಗ್ನೆಟೋ ತಾನೇ ಕಿಡಿ ಕೊಡುತ್ತದೆ, ಅರ್ಧ ಸುತ್ತಿಗೆ ಎಂಜಿನ್ ಹೊಡೆದು ಕೈ ಹೋಗುತ್ತದೆ. ಹಿಂದಿನಿಂದ, ಬದಿಯಿಂದ ಹೋಗಿ, ಮುಂದಿನಿಂದ ಬೇಡ. ಒಳಗಿನವರಿಗೆ ಎಚ್ಚರವಿದ್ದರೆ ಕೆಂಪು ಬಣ್ಣದ ಮಾಸ್ಟರ್ ಸ್ವಿಚ್ ಬಂದ್ ಮಾಡಲು ಹೇಳಿ, ಇಲ್ಲದಿದ್ದರೆ ನೀವೇ ಮಾಡಿ. ಕೆಲವು ಹಗುರ ವಿಮಾನಗಳಲ್ಲಿ ಇಡೀ ವಿಮಾನಕ್ಕೆ ಪ್ಯಾರಾಚೂಟ್ ಇದ್ದು ಅದನ್ನು ರಾಕೆಟ್ ಎಳೆಯುತ್ತದೆ. ಕ್ಯಾಬಿನ್ ಹಿಂದೆ ಎಚ್ಚರಿಕೆಯ ತ್ರಿಕೋನ ಚಿತ್ರ ಕಂಡರೆ ಅಲ್ಲಿ ಕತ್ತರಿಸಬೇಡಿ, ಬಡಿಯಬೇಡಿ. ವಿಮಾನ ತಲೆಕೆಳಗಾಗಿದ್ದರೆ ಬೆಲ್ಟು ಬಿಚ್ಚುವ ಮೊದಲು ಒಬ್ಬರು ಕೆಳಗಿನಿಂದ ಆತನ ಹೆಗಲಿಗೆ ಆಸರೆ ಕೊಡಬೇಕು. ಬೆಲ್ಟು ಬಿಚ್ಚಿದ ಗಳಿಗೆ ಅವನು ತಲೆಯ ಮೇಲೆ ಬೀಳುತ್ತಾನೆ, ಕತ್ತು ಮುರಿಯುವುದು ಆಗ. ಬೆಂಕಿಯೋ ಪೆಟ್ರೋಲ್ ಸೋರಿಕೆಯೋ ಇಲ್ಲದಿದ್ದರೆ ಎಳೆದಾಡದೆ ಆಂಬುಲೆನ್ಸ್ ಬರುವವರೆಗೆ ಕಾಯಿರಿ. 112ಕ್ಕೆ ಫೋನ್ ಮಾಡುವಾಗ ಊರಿನ ಹೆಸರಿನ ಜೊತೆಗೆ ಹತ್ತಿರದ ರಸ್ತೆ, ಎಷ್ಟು ಜನ ಒಳಗಿದ್ದಾರೆ, ಬೆಂಕಿ ಇದೆಯೇ ಎಂದು ಹೇಳಿ. ಜೀವ ಉಳಿಸಲು ಬೇಕಾದಷ್ಟನ್ನು ಬಿಟ್ಟು ಇನ್ನಾವ ಚೂರನ್ನೂ ಸರಿಸಬೇಡಿ, ನೆಲದ ಮೇಲಿನ ಚಕ್ರದ ಗುರುತನ್ನು ತುಳಿಯಬೇಡಿ.

ಇಂತಿ,
ಹಾರಾಟ ಶಿಕ್ಷಕರು ಮತ್ತು ವಿಮಾನ ನಿರ್ವಹಣಾ ಎಂಜಿನಿಯರರ ಒಂದು ಗುಂಪು,
ಬೆಂಗಳೂರು